ಇಂಧನ ಪರೀಕ್ಷೆಯ ಹೊಸ ದರ, ಹೊಸ ರಿಪೋರ್ಟ್: ನಮ್ಮ ಗ್ರಾಹಕರಿಗೆ

ಆತ್ಮೀಯ ಗ್ರಾಹಕರೇ,

ಬರುವ ಒಂದನೇ ತಾರೀಕಿನಿಂದ ಸ್ಯಾಂಪಲ್ ಒಂದಕ್ಕೆ 900 ರೂಪಾಯಿ ಇದ್ದದ್ದು 1,150 ಆಗುತ್ತದೆ. ಹೊರೆಯಾಗುತ್ತದೆಂದು ಗೊತ್ತು, ಕ್ಷಮೆ ಇರಲಿ. ಆದರೆ "ಒಂದು ಗ್ರಾಂ ಪುಡಿ ಸುಡಲು ಇಷ್ಟು ದುಡ್ಡೇ?" ಎನ್ನುವವರಿಗೆ ಲೆಕ್ಕ ಹೇಳಲೇಬೇಕು. ಇಂಧನದ ಶಾಖ ಅಳೆಯಲು ಆ ಒಂದು ಗ್ರಾಂ ಉರಿಯುವುದು ನೀರಿನಲ್ಲಿ ಮುಳುಗಿಸಿದ 'ಬಾಂಬ್' ಎಂಬ ಗಟ್ಟಿ ಉಕ್ಕಿನ ಪಾತ್ರೆಯೊಳಗೆ, 30 ಬಾರ್ ಒತ್ತಡದ ಆಕ್ಸಿಜನ್‌ನಲ್ಲಿ. ನೀರು ಎಷ್ಟು ಬಿಸಿಯಾಯಿತು ಎಂಬುದರಿಂದ ಶಾಖದ ಲೆಕ್ಕ. ಸಿಲಿಂಡರ್ ಹುಬ್ಬಳ್ಳಿಯಿಂದ ಅರಬೈಲ್ ಘಾಟಿ ಇಳಿದು ಅಂಕೋಲೆಗೆ ಬರಬೇಕು. ಒಳಗಿನ ಒತ್ತಡ 30ಕ್ಕಿಂತ ಇಳಿಯಿತೋ, ಗ್ಯಾಸ್ ಉಳಿದಿದ್ದರೂ ನಮ್ಮ ಪಾಲಿಗೆ ಅದು ಖಾಲಿ. ಲಾರಿ ಬಾಡಿಗೆ ಮಾತ್ರ ಪೂರ್ತಿ. ಗೇರು ಸಿಪ್ಪೆಯದು ಬೇರೆಯೇ ಕಾಟ. ಎಣ್ಣೆ ಸಿಡಿದು ಕ್ರೂಸಿಬಲ್‌ನಲ್ಲಿ (ಪುಡಿ ಇಡುವ ಪುಟ್ಟ ಬಟ್ಟಲಿನಲ್ಲಿ) ಮಸಿ ಉಳಿದರೆ ಪೂರ್ತಿ ಉರಿದಿಲ್ಲ ಎಂದರ್ಥ. ಆ ಫಲಿತಾಂಶ ಬಿಟ್ಟು ಮತ್ತೆ ಸುಡುತ್ತೇವೆ. ಎರಡನೇ ಸಲದ ಆಕ್ಸಿಜನ್, ಕಿಡಿ ಹೊತ್ತಿಸುವ ತಂತಿ ನಿಮ್ಮ ಬಿಲ್ಲಿಗೆ ಬಂದಿಲ್ಲ, ಬರುವುದೂ ಇಲ್ಲ.

ಇನ್ನು ಎಲ್ಲರ ಬಾಯಲ್ಲೂ ಇರುವ ದೂರು: "ಮಾರುವವರ ಕಾಗದದಲ್ಲಿ ಕಿಲೋಗೆ 4,500 ಕಿಲೋಕ್ಯಾಲರಿ, ನಿಮ್ಮಲ್ಲಿ 3,150. ನಿಮ್ಮ ಮಷಿನ್ ಸರಿಯಿಲ್ಲ." ಮಷಿನ್ ಸರಿಯಿದೆ. ಗ್ರಾಂಗೆ ಸುಮಾರು 6,318 ಕ್ಯಾಲರಿ ಕೊಡುವ ಬೆಂಜೋಯಿಕ್ ಆಮ್ಲದ ಮಾತ್ರೆ ಸುಟ್ಟು ಪ್ರತಿ ವಾರ ತಾಳೆ ನೋಡುತ್ತೇವೆ. ನೀರು, ಪಾತ್ರೆ, ಬಾಂಬ್ ಎಲ್ಲ ಸೇರಿ ಒಂದು ಡಿಗ್ರಿ ಏರಲು ಸುಮಾರು 2,400 ಕ್ಯಾಲರಿ ಬೇಕು. ಥರ್ಮಾಮೀಟರ್ 0.01 ಡಿಗ್ರಿ ತಪ್ಪಿದರೆ ಗ್ರಾಂಗೆ 24 ಕ್ಯಾಲರಿ, ಅಂದರೆ ಕಿಲೋಗೆ 24 ಕಿಲೋಕ್ಯಾಲರಿ ವ್ಯತ್ಯಾಸ. 4,500ಕ್ಕೂ 3,150ಕ್ಕೂ ಇರುವ 1,350ರ ವ್ಯತ್ಯಾಸ ಬರಬೇಕಾದರೆ ಅರ್ಧ ಡಿಗ್ರಿಗೂ ಮೇಲೆ ತಪ್ಪಬೇಕು!

ವ್ಯತ್ಯಾಸವಿರುವುದು ನೀರಿನಲ್ಲಿ. ಪೂರ್ತಿ ಒಣಗಿಸಿದ ಸೌದೆ ಪುಡಿಗೆ ಕಿಲೋಗೆ 4,500 ಕಿಲೋಕ್ಯಾಲರಿ ಎಂದಿಟ್ಟುಕೊಳ್ಳಿ. ಲಾರಿಯಲ್ಲಿ ಬಂದ ಮಾಲಿನಲ್ಲಿ ಶೇ 30 ತೇವಾಂಶವಿದ್ದರೆ ಉರಿಯುವುದು 700 ಗ್ರಾಂ ಮಾತ್ರ: 3,150. ಎರಡು ಅಂಕಿಯೂ ನಿಜ. ಬಾಯ್ಲರಿಗೆ ಅಷ್ಟೂ ಸಿಗುವುದಿಲ್ಲ. ಆ ನೀರು, ಉರಿಯುವಾಗ ಇಂಧನದೊಳಗಿನ ಹೈಡ್ರೋಜನ್‌ನಿಂದ ಹುಟ್ಟುವ ನೀರು ಎರಡೂ ಆವಿಯಾಗಿ ಚಿಮಣಿಯಲ್ಲಿ ಶಾಖ ಒಯ್ಯುತ್ತವೆ. ಕೈಗೆ ಬರುವುದು ಸುಮಾರು 2,750.

ಹಾಗಾಗಿ ಇನ್ನು ರಿಪೋರ್ಟಿನಲ್ಲಿ ತೇವಾಂಶದ ಜೊತೆ ಈ ಮೂರೂ ಅಂಕಿ ಇರುತ್ತವೆ. ತೇವಾಂಶ ಪರೀಕ್ಷೆಗೆ ಬೇರೆ ದುಡ್ಡಿಲ್ಲ. ರಾಶಿಯ ಮೇಲಿನ ಒಣ ಸಿಪ್ಪೆ ಮಾತ್ರ ತರಬೇಡಿ. ಲಾರಿ ಇಳಿಸುವಾಗಲೇ ಐದಾರು ಕಡೆ, ಅಡಿಯಿಂದಲೂ ತೆಗೆದು ಬೆರೆಸಿ, ಒಂದು ಕಿಲೋ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ತನ್ನಿ. ಕಾಗದದ ಪೊಟ್ಟಣ ಬೇಡ. ದಾರಿಯಲ್ಲೇ ತೇವ ಬದಲಾಗುತ್ತದೆ.

ಸಂಶಯವಿದ್ದರೆ ನೀವೇ ಬಂದು ಕೂತು ನೋಡಿ. ಬಾಂಬ್ ಮುಚ್ಚುವುದರಿಂದ ಲೆಕ್ಕ ಬರೆಯುವವರೆಗೆ ನಿಮ್ಮೆದುರೇ ಮಾಡುತ್ತೇವೆ. ಈಗಾಗಲೇ ಕೊಟ್ಟಿರುವ ಸ್ಯಾಂಪಲ್‌ಗಳಿಗೆ ಹಳೆಯ ದರವೇ.

ಇಂತಿ ನಿಮ್ಮ,
ಪ್ರಯೋಗಾಲಯದ ಬಳಗ, ಅಂಕೋಲಾ