ಪುಟ್ಟಿಗೊಂದು ಪುಸ್ತಕ

ಲಂಡನ್

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಹೇಗಿದೆ?

ಪುಟ್ಟಿಗೆ ಮಕ್ಕಳ ಪುಸ್ತಕ ಕೊಟ್ಟರೆ ಮೂಗು ಮುರಿಯುತ್ತಾಳೆ, ದೊಡ್ಡವರ ಕಾದಂಬರಿ ಕೊಡಲು ನಿನಗೆ ಮನಸ್ಸಿಲ್ಲ ಅಂದಿದ್ದೆಯಲ್ಲ, ಫಿಲಿಪ್ ರೀವ್ ಬರೆದ ‘ಮಾರ್ಟಲ್ ಎಂಜಿನ್ಸ್’ ತಂದುಕೊಡು. 2001ರದ್ದು, ಹಳೆಯದು ಅನ್ನಬೇಡ.

ಕಥೆ ನಡೆಯುವುದು ಸಾವಿರಾರು ವರ್ಷ ಮುಂದೆ. ಅರವತ್ತು ನಿಮಿಷದ ಒಂದು ಯುದ್ಧದಲ್ಲಿ ನಮ್ಮ ಕಾಲದ ಲೋಕ ಸುಟ್ಟು ಹೋಗಿದೆ. ಈಗ ಊರುಗಳೇ ಚಕ್ರದ ಮೇಲೆ ಓಡಾಡುತ್ತವೆ, ದೊಡ್ಡ ಊರು ಚಿಕ್ಕ ಊರನ್ನು ಅಟ್ಟಿಸಿಕೊಂಡು ಹೋಗಿ ನುಂಗಿ, ಅದರ ಕಬ್ಬಿಣ, ಇಂಧನ, ಜನ ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಶುರುವಿನಲ್ಲೇ ಲಂಡನ್, ಒಣಗಿದ ಉತ್ತರ ಸಮುದ್ರದ ತಳದಲ್ಲಿ ಒಂದು ಪುಟ್ಟ ಗಣಿ ಊರಿನ ಬೆನ್ನು ಹತ್ತಿರುತ್ತದೆ! ಆ ಲಂಡನ್ನಿನ ತುತ್ತತುದಿಯಲ್ಲಿ ಸೇಂಟ್ ಪಾಲ್ಸ್ ಕೆಥೆಡ್ರಲ್. ಅದರೊಳಗೆ ಏನು ಬಚ್ಚಿಟ್ಟಿದ್ದಾರೆ ಅಂತ ಹೇಳುವುದಿಲ್ಲ, ಆದರೆ ಬಸ್ಸಿನಲ್ಲಿ ಆ ಗುಮ್ಮಟ ಕಂಡಾಗ ನನಗೆ ಈಗಲೂ ಅದೇ ನೆನಪು.

ಟಾಮ್ ಅಲ್ಲಿಯ ಮ್ಯೂಸಿಯಂನಲ್ಲಿ ಕೆಲಸ ಕಲಿಯುವ ಅನಾಥ ಹುಡುಗ. (ಆ ಮ್ಯೂಸಿಯಂನಲ್ಲಿ ಡಿಸ್ನಿ ಕಾರ್ಟೂನಿನ ಮಿಕ್ಕಿ ಮತ್ತು ಪ್ಲೂಟೊ ಹಳೇ ಅಮೆರಿಕದ ಪ್ರಾಣಿಮುಖದ ದೇವರುಗಳು! ಪುಟ್ಟಿ ನಗದಿದ್ದರೆ ಕೇಳು.) ವ್ಯಾಲೆಂಟೈನ್ ಅನ್ನುವ ದೊಡ್ಡ ಮನುಷ್ಯ ಅವನ ಪಾಲಿಗೆ ಹೀರೋ. ಹೆಸ್ಟರ್ ಅನ್ನುವ ಹುಡುಗಿ ವ್ಯಾಲೆಂಟೈನ್‌ನನ್ನು ಇರಿಯಲು ಬರುತ್ತಾಳೆ, ಟಾಮ್ ಅಡ್ಡ ಬಂದು ಉಳಿಸುತ್ತಾನೆ, ಅದಕ್ಕೆ ಆ ಮಹಾನುಭಾವ ಟಾಮ್‌ನನ್ನೇ ಊರಿನಿಂದ ಕೆಳಕ್ಕೆ ತಳ್ಳಿಬಿಡುತ್ತಾನೆ. ಅಲ್ಲಿಂದ ಟಾಮ್ ತನ್ನ ಊರನ್ನು ಹೊರಗಿನಿಂದ ನೋಡಲು ಕಲಿಯುತ್ತಾನೆ. ಬೇರೆ ಊರನ್ನು ನುಂಗುವುದೇ ಲೋಕದ ನಿಯಮ ಅಂತ ಚಿಕ್ಕಂದಿನಿಂದ ಹೇಳಿಕೊಟ್ಟದ್ದನ್ನು ಪೂರ್ತಿ ಬಿಡಲೂ ಆಗದೆ, ನಂಬಲೂ ಆಗದೆ ಒದ್ದಾಡುತ್ತಾನೆ. ನಾವು ಹೇಳಿದ್ದಕ್ಕೆಲ್ಲ ‘ಯಾಕೆ’ ಅನ್ನುವ ಅವಳ ವಯಸ್ಸಿಗೆ ಇದೇ ಸರಿ ಅಲ್ವಾ?

ಸಾವು ಜಾಸ್ತಿ ಇದೆ, ನಮಗೆ ಇಷ್ಟವಾದವರೂ ಸಾಯುತ್ತಾರೆ. ಭಾವನಿಗೆ ಮೊದಲೇ ಹೇಳಿರು. ಆದರೆ ಪಾಠ ಹೇಳುವ ಧಾಟಿ ಇಲ್ಲ.

2018ರ ಸಿನಿಮಾ ಮಾತ್ರ ಮೊದಲು ತೋರಿಸಬೇಡ. ಪುಸ್ತಕದ ಹೆಸ್ಟರ್‌ಗೆ ಒಂದು ಕಣ್ಣಿಲ್ಲ, ಮೂಗು ಮೋಟು, ಬಾಯಿ ಸೊಟ್ಟ. ಆದರೂ ಕಥೆಯ ನಾಯಕಿ ಅವಳೇ. ಸಿನಿಮಾದವರು ಅವಳ ಮುಖದಲ್ಲಿ ಸುಮ್ನೆ ಒಂದು ಗಾಯದ ಗೆರೆ ಎಳೆದು ಚೆಂದ ಮಾಡಿಟ್ಟಿದ್ದಾರೆ. ನನಗೆ ಇವತ್ತಿಗೂ ಸಿಟ್ಟು.

ಒಟ್ಟು ನಾಲ್ಕು ಪುಸ್ತಕಗಳ ಸಾಲು ಇದು. ಮೊದಲನೆಯದು ಹಿಡಿಸಿದರೆ ಮಿಕ್ಕ ಮೂರನ್ನು ನಾನೇ ಬರುವಾಗ ತರುತ್ತೇನೆ, ಹಿಡಿಸದಿದ್ದರೆ ಯಾಕೆ ಅಂತ ಅವಳೇ ನನಗೆ ಬರೆಯಲಿ.

ನಿನ್ನ ತಮ್ಮ