ಶನಿವಾರ ಬಂದವರಿಗೆ, ಬರಲಾಗದವರಿಗೆ, ಮತ್ತೆ ನಮ್ಮ ಅತ್ತಿಗೆಗೆ

ಶನಿವಾರ ಸಂಜೆ ಬಂದು, ಕೂತು, ನನ್ನ ಗಿಟಾರ್ ಕೇಳಿದ ಎಲ್ಲರಿಗೂ ಥ್ಯಾಂಕ್ಸ್. ಮೈಕ್ ಬೇಡ ಅಂತ ಹಟ ಹಿಡಿದವನು ನಾನೇ. ನೈಲಾನ್ ತಂತಿಯ ಗಿಟಾರ್‌ನ ದನಿ ಎಷ್ಟು ಸಣ್ಣದು ಅಂತ ಗೊತ್ತಾದ ಕೂಡಲೇ ಹಿಂದಿನ ಸಾಲಿನಲ್ಲಿದ್ದ ಯಾರೋ ಎದ್ದು ಫ್ಯಾನ್ ಆಫ್ ಮಾಡಿದರು. ಚಿಕ್ಕಮಗಳೂರಿನಲ್ಲಿ ಮಾರ್ಚ್ ತಿಂಗಳ ಸೆಕೆ ಏನು ಅಂತ ನಮಗೆಲ್ಲ ಗೊತ್ತು. ಆ ಪುಣ್ಯಾತ್ಮರಿಗೆ ಮೊದಲ ನಮಸ್ಕಾರ. ಕಾಫಿ ಕೊಯ್ಲು ಮುಗಿಯಲಿ, ತೋಟದವರಿಗೂ ಪುರುಸೊತ್ತಾಗಲಿ ಅಂತ ಇಷ್ಟು ದಿನ ಕಾದದ್ದು ಸಾರ್ಥಕವಾಯಿತು.

ಮಳೆಗಾಲದಲ್ಲಿ ಏನಾಯ್ತು, ಯಾವ ತಿರುವಿನಲ್ಲಿ ಬೈಕ್ ಜಾರಿತು, ಬಲಗೈ ಮಣಿಕಟ್ಟಿನೊಳಗೆ ಏನೇನು ಕೂರಿಸಿದ್ದಾರೆ ಅನ್ನೋದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಅದು ಬೇಡ.

ಬೇಲೂರು ಮೇಲೆ ಹಾಸನಕ್ಕೆ ಬಸ್ಸಿನಲ್ಲಿ ಜೊತೆಗೆ ಬರುತ್ತಿದ್ದ ಗೆಳೆಯನಿಗೆ, ಅಲ್ಲಿ ಕೈ ತಿರುಗಿಸಿ ತಿರುಗಿಸಿ ನನ್ನ ಬೈಗುಳ ಕೇಳಿಸಿಕೊಂಡ ಫಿಸಿಯೋಥೆರಪಿಸ್ಟ್‌ಗೆ, ತಿಂಗಳುಗಟ್ಟಲೆ ನನ್ನ ಪಾಲಿನ ಎಂಟ್ರಿಗಳನ್ನೂ ಮಾಡಿಕೊಟ್ಟ ಆಫೀಸಿನವರಿಗೆ, ಬೆಂಗಳೂರಿನಿಂದ ವಿಡಿಯೋ ಕಾಲ್‌ನಲ್ಲೇ ಪಾಠ ಮಾಡಿ ಫೀಸಿನ ಮಾತೇ ಎತ್ತದ ಮೇಷ್ಟ್ರಿಗೆ, ತಂತಿ ತಂದುಕೊಟ್ಟವರಿಗೆ, ಹಾಲ್ ಕೊಡಿಸಿದವರಿಗೆ, ಕುರ್ಚಿ ಹೊತ್ತವರಿಗೆ, ಕಡುಬು ಕಳಿಸಿದವರಿಗೆ ನಾನು ಋಣಿ. ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟ ಅಂತ ಬೇಜಾರು ಮಾಡ್ಕೋಬೇಡಿ. ಉಳಿದದ್ದು ಅತ್ತಿಗೆಯ ಪಾಲು.

ಶನಿವಾರ ಒಬ್ಬರು ಕೇಳಿದರು, ಇಷ್ಟು ತಿಂಗಳು ಮನೆಯಲ್ಲಿ ಒಂದು ಹಾಡೂ ನುಡಿಸಲಿಲ್ಲವಂತೆ, ಮತ್ತೆ ಏನು ಮಾಡುತ್ತಿದ್ದೆ ಅಂತ. ಬಲಗೈ ಸಾಧನೆ ಮಾಡುತ್ತಿದ್ದೆ. ಕ್ಲಾಸಿಕಲ್ ಗಿಟಾರ್‌ನಲ್ಲಿ ಪಿಕ್ ಹಿಡಿಯುವುದಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳು ಇಷ್ಟೇ ಬಂಡವಾಳ. ನೊಟೇಶನ್‌ನಲ್ಲಿ ಇವುಗಳ ಸ್ಪ್ಯಾನಿಷ್ ಹೆಸರಿನ ಮೊದಲಕ್ಷರ ಹಾಕಿ ಪಿ, ಐ, ಎಂ, ಎ ಅಂತ ಗುರುತು ಮಾಡಿರುತ್ತಾರೆ. ನೋಡುವವರ ಕಣ್ಣು ಎಡಗೈ ಮೇಲೆಯೇ ಇರುತ್ತದೆ, ಆದರೆ ನಾದ ಹುಟ್ಟಿಸುವುದು ಬಲಗೈ. ತಂತಿಯನ್ನು ಮೇಲಕ್ಕೆ ಕಿತ್ತರೆ ಅದು ಚಟಾರೆನ್ನುತ್ತದೆ. ಒಳಕ್ಕೆ, ಹಲಗೆಯ ಕಡೆಗೆ ಕೊಂಚ ಒತ್ತಿ ಬಿಡಬೇಕು. ಬೆರಳು ಬುಡದ ಗೆಣ್ಣಿನಿಂದ ಅಲುಗಬೇಕು, ಮೊದಲು ಬೆರಳತುದಿ ತಾಗಿ ಆಮೇಲೆ ಉಗುರು ಜಾರಬೇಕು. ಮೀಟಿದ ಬೆರಳು ಪಕ್ಕದ ತಂತಿಗೆ ಒರಗಿ ನಿಂತರೆ ಅಪೊಯಾಂಡೊ, ಒರಗದೆ ಅಂಗೈ ಕಡೆಗೆ ಸರಿದರೆ ತಿರಾಂಡೊ. ಇದನ್ನೆಲ್ಲ ಒಮ್ಮೆ ಕಲಿತಿದ್ದ ಕೈ ಮತ್ತೆ ಮೊದಲಿನಿಂದ ಕಲಿಯಬೇಕಾಗಿ ಬಂತು.

ಮಾವ್ರೊ ಜುಲಿಯಾನಿ ಅನ್ನೋ ಇಟಲಿಯವನು ವಿಯೆನ್ನಾದಲ್ಲಿದ್ದಾಗ, 1812ರಲ್ಲಿ, ಬಲಗೈಗೆಂದೇ 120 ಅಭ್ಯಾಸಗಳನ್ನು ಅಚ್ಚು ಹಾಕಿಸಿದ. ಎಡಗೈಗೆ ಎರಡೇ ಕಾರ್ಡ್ (ಒಟ್ಟಿಗೆ ಹಿಡಿಯುವ ಸ್ವರಗಳ ಗುಂಪು), ಸಿ ಮೇಜರ್ ಮತ್ತು ಜಿ ಸೆವೆಂತ್. ಬಲಗೈ ಬೆರಳುಗಳ ಸರದಿ ಮಾತ್ರ ಬದಲಾಗುತ್ತಾ ಹೋಗುತ್ತದೆ. ನುಡಿಸುವವನಿಗೆ ಇದು ಅಮೃತ, ಮನೆಯವರಿಗೆ ಚಿತ್ರಹಿಂಸೆ. ಅಣ್ಣನ ಮಗಳು ಆ ಎರಡು ಕಾರ್ಡ್‌ಗಳಿಗೆ ‘ಬಂತು’, ‘ಹೋಯ್ತು’ ಅಂತ ಹೆಸರಿಟ್ಟಿದ್ದಾಳೆ.

ಇನ್ನು ಆ ರಾತ್ರಿಯ ವಿಷಯ. ಪ್ಲಾಸ್ಟರ್ ಬಿಚ್ಚಿ ಕೆಲವು ವಾರವಾಗಿತ್ತು. ಗಿಟಾರ್ ಹಿಡಿಯಬಹುದು ಅಂತ ಅಪ್ಪಣೆಯೂ ಸಿಕ್ಕಿತ್ತು. ಜಡಿಮಳೆ, ಕರೆಂಟ್ ಇಲ್ಲ, ಇನ್ವರ್ಟರ್ ಕೂಡ ಕೈಕೊಟ್ಟಿತ್ತು. ಉಂಗುರ ಬೆರಳನ್ನು ತಂತಿಯ ಮೇಲಿಟ್ಟು ಮೀಟಲು ಹೋದರೆ ನಡುಬೆರಳೂ ಜೊತೆಗೇ ಮಡಚಿಕೊಳ್ಳುತ್ತಿತ್ತು, ಹೆಬ್ಬೆರಳು ನಡುಗುತ್ತಿತ್ತು. ಉಂಗುರ ಬೆರಳಿನ ಹಿಂಬದಿಯ ಸ್ನಾಯುರಜ್ಜು ಅಕ್ಕಪಕ್ಕದ ಬೆರಳುಗಳದ್ದಕ್ಕೆ ಬೆಸೆದುಕೊಂಡಿರುತ್ತದೆ, ಎಲ್ಲರಲ್ಲೂ ಅದು ಸೋಮಾರಿಯೇ ಅಂತ ಫಿಸಿಯೋ ಹೇಳಿದ್ದರು. ಅವತ್ತು ಅದೊಂದೂ ತಲೆಗೆ ಹೋಗಲಿಲ್ಲ. ಅಣ್ಣನನ್ನು ಎಬ್ಬಿಸಿ ಗಿಟಾರ್ ಮಾರಿಬಿಡು ಅಂದೆ. ಇನ್ನೂ ಕೆಲವು ಮಾತು ಆಡಿದೆ, ಅವನ್ನಿಲ್ಲಿ ಬರೆಯುವುದಿಲ್ಲ. ಅಣ್ಣ ಹೆದರಿಬಿಟ್ಟ. ಅತ್ತಿಗೆ ಅವನನ್ನು ಮಲಗಲು ಕಳಿಸಿ, ಶಾಲು ಹೊದ್ದು ಬಂದು ಗೋಡೆಗೊರಗಿ ಕೂತರು.

“ಖಾಲಿ ತಂತಿ ಹೊಡಿ ಮಾರಾಯ, ನೋಡುವ.”

“ಬರ್ತಿಲ್ಲ ಅತ್ತಿಗೆ.”

“ಬರದಿದ್ರೆ ಬೇಡ. ನಂಗೆ ಕೇಳ್ಬೇಕು ಅಷ್ಟೆ. ಹೊಡಿ.”

ಮೊಬೈಲ್ ಟಾರ್ಚ್ ಹಚ್ಚಲು ಹೋದರೆ ಅದೂ ಬೇಡವಂತೆ. ಬೆಳಕಿದ್ದರೆ ಕೈ ನೋಡ್ತಾ ಕೂರ್ತೀಯ ಅಂದರು. ಕತ್ತಲಲ್ಲೇ ಪಿ, ಐ, ಎಂ, ಎ. ಅವರಿಗೆ ಈ ಅಕ್ಷರಗಳು ಗೊತ್ತಿಲ್ಲ, ಎಣಿಸುತ್ತಿದ್ದರು. “ನಾಲ್ಕನೇದು ಕೇಳ್ಲೇ ಇಲ್ಲ.” “ಮೂರನೇದು ಓಡ್ತು.” “ಮತ್ತೆ.” ಪಾಪ ಅನ್ನಲಿಲ್ಲ, ಎಲ್ಲ ಸರಿಹೋಗುತ್ತೆ ಅನ್ನಲಿಲ್ಲ. ಯಾವಾಗಲೋ ಒಮ್ಮೆ ಹತ್ತಿರ ಸರಿದು ನನ್ನ ಕೈಮೇಲೆ ತಮ್ಮ ಕೈ ಇಟ್ಟರು. ಒಂದೆರಡು ಸುತ್ತು ಹಾಗೇ ನುಡಿಸಲು ಹೇಳಿದರು. ಆಮೇಲೆ ಕೇಳಿದರು, “ಈ ಕಿರುಬೆರಳಿಗೆ ನಿಮ್ಮಲ್ಲಿ ಕೆಲಸ ಇಲ್ವಾ? ಹೀಗೆ ಸೆಟೆದು ನಿಂತಿದ್ಯಲ್ಲ.”

ಅತ್ತಿಗೆ ಮದುವೆಗೆ ಮುಂಚೆ ಶೃಂಗೇರಿಯಲ್ಲಿ ವೀಣೆ ಕಲಿತವರು. ವೀಣೆಯಲ್ಲಿ ತೋರುಬೆರಳು, ನಡುಬೆರಳು ನಾಲ್ಕು ಮುಖ್ಯ ತಂತಿಗಳನ್ನು ಮೀಟಿದರೆ, ಪಕ್ಕದ ಮೂರು ತಾಳದ ತಂತಿಗಳನ್ನು ನೋಡಿಕೊಳ್ಳುವುದು ಕಿರುಬೆರಳು. ಅದು ಬಿಗಿಯಾದರೆ ಇಡೀ ಕೈ ಬಿಗಿಯುತ್ತದೆ ಅಂತ ಅವರ ಗುರುಗಳು ಬೆರಳಿನ ಮೇಲೆ ತಟ್ಟುತ್ತಿದ್ದರಂತೆ. ಗಿಟಾರ್‌ನಲ್ಲಿ ಕಿರುಬೆರಳು ಮೀಟದಿದ್ದರೂ ಉಂಗುರ ಬೆರಳಿನ ಜೊತೆಜೊತೆಗೇ ಹಗುರವಾಗಿ ಹೋಗಿಬರಬೇಕು. ನನ್ನದು ನೋವಿನ ಭಯಕ್ಕೆ ಸೆಟೆದುಕೊಂಡು, ಪಕ್ಕದ ಬೆರಳನ್ನೂ ಹಿಡಿದೆಳೆಯುತ್ತಿತ್ತು. ಬೆಂಗಳೂರಿನ ಮೇಷ್ಟ್ರು ಆಮೇಲೆ ಕೇಳಿ, ಇದನ್ನು ಕ್ಯಾಮೆರಾದಲ್ಲಿ ನಾನು ಕಾಣಲು ಸಾಧ್ಯವೇ ಇರಲಿಲ್ಲ ಅಂದರು.

ಅವತ್ತೇ ಕೈ ಬಂದುಬಿಟ್ಟಿತು ಅಂತಲ್ಲ. ಕೋಳಿ ಕೂಗುವ ಹೊತ್ತಿಗೆ ಒಂದು ಸುತ್ತು ಮಾತ್ರ ಸರಿಯಾಗಿ ಬಿತ್ತು. “ಈಗ ನಾಲ್ಕೂ ಒಂದೇ ಮನೆ ಮಕ್ಕಳ ಥರ ಇದ್ವು” ಅಂತ ಹೇಳಿ ಎದ್ದು ರೊಟ್ಟಿಗೆ ಹಿಟ್ಟು ಕಲಸಲು ಹೋದರು. ಆರೂವರೆಗೆ ಮಗಳ ಡಬ್ಬಿ ರೆಡಿಯಿತ್ತು.

ಈ ವಾದ್ಯದಿಂದ ನನಗೆ ಅನ್ನ ಹುಟ್ಟುವುದಿಲ್ಲ. ಸಹಿ ಹಾಕಲು ಬರುತ್ತಿತ್ತು, ಊಟ ಮಾಡಲು ಬರುತ್ತಿತ್ತು. ಡಾಕ್ಟರ ಲೆಕ್ಕದಲ್ಲಿ ನಾನು ಗುಣವಾದವನು, ಅವರ ಲೆಕ್ಕ ತಪ್ಪೂ ಅಲ್ಲ. ಅಂಥವನು ಒಂದು ಬೆರಳಿಗಾಗಿ ನಡುರಾತ್ರಿ ಅತ್ತರೆ ಯಾರಿಗಾದರೂ ಅತಿಯಾಯಿತು ಅನ್ನಿಸುತ್ತದೆ. ನನಗೇ ಅನ್ನಿಸುತ್ತಿತ್ತು, ಆ ನಾಚಿಕೆ ನೋವಿಗಿಂತ ಹೆಚ್ಚಿತ್ತು. ಅತ್ತಿಗೆಗೆ ಮಾತ್ರ ಅದು ಅತಿ ಅನ್ನಿಸಲಿಲ್ಲ. ಅವರ ವೀಣೆ ಹಳೇ ಸೀರೆ ಸುತ್ತಿಕೊಂಡು ಅಟ್ಟದ ಮೇಲಿದೆ ಅಂತ ನಮಗೆಲ್ಲ ಗೊತ್ತಿತ್ತು. ಅದನ್ನು ಮೇಲಿಟ್ಟ ದಿನ ಅವರ ಜೊತೆ ಯಾರು ಕೂತಿದ್ದರು ಅಂತ ಈ ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ. ನಾನೂ ಇನ್ನೂ ಕೇಳಿಲ್ಲ. ಬರೆಯುತ್ತಿದ್ದ ಹಾಗೆ ಗಂಟಲು ಕಟ್ಟುತ್ತಿದೆ, ಇರಲಿ.

ಆಮೇಲಿನ ತಿಂಗಳುಗಳು ಹೇಗಿದ್ದವು ಅಂದರೆ, ನಾನು ಹಜಾರದಲ್ಲಿ ‘ಬಂತು, ಹೋಯ್ತು’ ನುಡಿಸುವುದು, ಅಡುಗೆಮನೆಯಿಂದ ಒಗ್ಗರಣೆಯ ಸದ್ದಿನ ಮೇಲೆ “ನಾಲ್ಕು!” ಅಂತ ಕೂಗು ಬರುವುದು. ಉಗುರು ಸರಿಯಾಗಿ ಬೆಳೆಯುವವರೆಗೆ ಬರೀ ಬೆರಳತುದಿಯಲ್ಲೇ ನುಡಿಸುತ್ತಿದ್ದೆ. ಸ್ಪೇನಿನ ಫ್ರಾನ್ಸಿಸ್ಕೊ ತಾರೆಗಾ ತನ್ನ ಕೊನೆಯ ವರ್ಷಗಳಲ್ಲಿ ಉಗುರು ಕತ್ತರಿಸಿಕೊಂಡು ಹಾಗೇ ನುಡಿಸುತ್ತಿದ್ದ ಅಂತ ಹೇಳಿದರೆ ಅತ್ತಿಗೆ ಯಾವಾಗ ಹುಟ್ಟಿದವನು ಅಂತ ಕೇಳಿದರು. 1852. ನಮ್ಮ ವೀಣೆ ಶೇಷಣ್ಣನವರೂ ಅದೇ ವರ್ಷ ಹುಟ್ಟಿದವರು. “ಹಾಗಾದ್ರೆ ಓರಗೆಯವ್ರು” ಅಂತ ಆ ದೂರದ ಸ್ಪೇನಿನವನನ್ನು ತಕ್ಷಣ ನಮ್ಮವನನ್ನಾಗಿ ಮಾಡಿಕೊಂಡರು.

ಟ್ರೆಮೊಲೊ ಇನ್ನೂ ಬಂದಿಲ್ಲ. ಹೆಬ್ಬೆರಳಿನ ಹಿಂದೆ ಎ, ಎಂ, ಐ ಮೂರೂ ಒಂದೇ ತಂತಿಯ ಮೇಲೆ ಸಮವಾಗಿ ಸುರಿಯಬೇಕು, ನನ್ನದು ಕುಂಟುತ್ತದೆ. ಶನಿವಾರ ಅದನ್ನು ಕೇಳಬೇಕು ಅಂತ ಬಂದವರು ಮುಂದಿನ ಕೊಯ್ಲಿನವರೆಗೆ ಕಾಯಬೇಕು.

ಹೋದ ವಾರ ವೀಣೆ ಅಟ್ಟದಿಂದ ಇಳಿದಿದೆ. ಬುರುಡೆಗೆ ಏನೂ ಆಗಿಲ್ಲ, ಆದರೆ ಮೆಟ್ಟಿಲು, ಅಂದರೆ ತಂತಿಯ ಕೆಳಗಿನ ಲೋಹದ ಅಡ್ಡಪಟ್ಟಿಗಳನ್ನು, ಕೂರಿಸಿದ ಮೇಣ ಬಿರುಕು ಬಿಟ್ಟು ಸ್ವರಗಳು ಜಾಗ ತಪ್ಪಿವೆ. 24 ಮೆಟ್ಟಿಲನ್ನೂ ಬಿಚ್ಚಿ ಹೊಸ ಮೇಣದಲ್ಲಿ ಕೂರಿಸಬೇಕು. ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಈ ಕೆಲಸ ಬಲ್ಲವರು ಯಾರಾದರೂ ಗೊತ್ತಿದ್ದರೆ ನನಗೆ ಒಂದು ಫೋನ್ ಮಾಡಿ. ಅತ್ತಿಗೆ ಇದನ್ನು ಓದಿ, ದುಡ್ಡು ದಂಡ, ಸುಮ್ಮನಿರಿ ಅಂತಾರೆ. ಈ ಒಂದು ವಿಷಯದಲ್ಲಿ ಅವರ ಮಾತು ಕೇಳಬೇಡಿ. ಹಾಗೆಯೇ ಶನಿವಾರ ಕಡುಬು ತಂದ ದೊಡ್ಡ ಸ್ಟೀಲ್ ಡಬ್ಬಿ ನಮ್ಮಲ್ಲೇ ಉಳಿದಿದೆ, ಯಾರದು ಅಂತ ತಿಳಿಸಿದರೆ ಭಾನುವಾರ ತಂದುಕೊಡುತ್ತೇನೆ.