ರಿದಮ್ ಬಾರ್ಸಲ್ಲ ಅಂದ ನಮ್ಮ ಅಳಿಯನಿಗೆ

ಪುಟ್ಟಾ,

ನಿಮ್ಮಮ್ಮ ಮೊನ್ನೆ ರಾತ್ರಿ ಫೋನ್ ಮಾಡಿ ಮುಕ್ಕಾಲು ಗಂಟೆ ಅತ್ಲು, ಅಂದ್ರೆ ಅಳಲಿಲ್ಲ, ಅವಳು ಬೈಯ್ಯೋದೇ ಅಳೋ ಥರ ಇರುತ್ತಲ್ಲ ಹಂಗೆ. ನೀನು ಬ್ಯಾಂಡ್ ಬಿಟ್ಟೆಯಂತೆ, ಗಿಟಾರ್ ಮಾರೋಕೆ ಫೋಟೋ ಹಿಡಿದು ಹಾಕಿದ್ದೀಯಂತೆ, ಯಾಕೋ ಅಂತ ಕೇಳಿದ್ರೆ ನನ್ ಕೈಲಿ ಬರೀ ರಿದಮ್ ಬಾರ್ಸಿಸ್ತಾರೆ, ಸೋಲೋ ಎಲ್ಲಾ ಆ ಲೀಡ್ ಹುಡುಗನಿಗೇ ಅಂದೆಯಂತೆ. ಹಿಂದೆ ನಿಂತು ಕಾರ್ಡ್, ಅಂದ್ರೆ ಸ್ವರಗಳ ಗುಂಪು, ಮೀಟ್ತಾ ಹಾಡು ಹಿಡಿದಿಡೋದು ರಿದಮ್ಮು, ಮುಂದೆ ಬಂದು ಒಬ್ಬನೇ ಬಾರ್ಸೋದು ಸೋಲೋ ಅಂತ ಅವಳಿಗೇನು ಗೊತ್ತು, ಗೊತ್ತಿರೋದು 42 ಸಾವಿರದ ಗಿಟಾರು ಅನ್ನೋದೊಂದೇ. ಫೋನಲ್ಲಿ ಹೇಳಿದ್ರೆ ನೀನು ಹೂಂ ಮಾವ ಹೂಂ ಮಾವ ಅಂದ್ಕೊಂಡು ಇಟ್ಬಿಡ್ತೀಯ, ಅದಕ್ಕೇ ಅಂಗಡಿ ಶಟರ್ ಅರ್ಧ ಎಳೆದು ಕೂತು ಮೊಬೈಲಲ್ಲೇ ಕುಟ್ತಾ ಇದೀನಿ. ತಪ್ಪಿದ್ರೆ ಹೊಂದಿಸ್ಕೊಂಡು ಓದು.

ಈಗ ನನ್ನ ಎದುರಿಗೆ ಟೇಬಲ್ ಮೇಲೆ ಹಳೇ ಹೊಲಿಗೆ ಮಿಷಿನ್ ಮೋಟಾರ್ ಒಂದು ಬಿಚ್ಕೊಂಡು ಬಿದ್ದಿದೆ. ಕಾರ್ಬನ್ ಬ್ರಶ್ ಸವೆದು ಉಗುರಿನಷ್ಟಾಗಿದೆ, ಆರ್ಮೇಚರ್ ಸುಟ್ಟ ವಾಸನೆ ನನ್ನ ಅಂಗಿಗೆಲ್ಲಾ ಹತ್ತಿದೆ. ಅದರ ಪ್ಲೇಟ್ ಮೇಲೆ ಏನು ಬರೆದಿದೆ ಗೊತ್ತಾ, ಎಸಿ ಬಾರ್ ಡಿಸಿ, ಅಂದ್ರೆ ಎರಡೂ ಥರದ ಕರೆಂಟಿಗೆ ಓಡುತ್ತೆ ಅಂತ. ನಮ್ಮ ಮಿಕ್ಸಿ ಮೋಟಾರಿದೆಯಲ್ಲ ಅದೇ ಜಾತಿ ಇದು, ಕರೆಂಟು ಯಾವ ಕಡೆಯಿಂದ ಬಂದ್ರೂ ತಿರುಗೋದು ಮಾತ್ರ ಒಂದೇ ದಿಕ್ಕಿಗೆ. ಸಿಡ್ನಿಯಲ್ಲಿ ಮಾರ್ಗರೆಟ್ ಯಂಗ್ ಅನ್ನೋ ಹೆಂಗಸು ತನ್ನ ಹೊಲಿಗೆ ಮಿಷಿನ್ ಮೇಲೆ ಇದೇ ಅಕ್ಷರ ನೋಡಿ ತಮ್ಮಂದಿರ ರಾಕ್ ಬ್ಯಾಂಡಿಗೆ ಎಸಿ ಡಿಸಿ ಅಂತ ಇದೇ ಹೆಸರಿಡ್ರೋ ಅಂದಿದ್ದು, ಚಿಕ್ಕ ತಮ್ಮ ಆಂಗಸ್‌ಗೆ ಸ್ಕೂಲ್ ಯೂನಿಫಾರಂ ಹಾಕ್ಕೊಂಡು ಸ್ಟೇಜ್ ಹತ್ತು ಅಂದಿದ್ದೂ ಅವಳೇ. ಅಕ್ಕಂದಿರು ಹಂಗೇ ಕಣೋ, ಒಂದು ಮಾತು ಅಂದ್ಬಿಟ್ಟು ಅವರ ಪಾಡಿಗೆ ಹೋಗ್ತಾರೆ, ತಮ್ಮಂದಿರು ಐವತ್ತು ವರ್ಷ ಅದನ್ನೇ ಹೊತ್ಕೊಂಡು ತಿರುಗ್ತಾರೆ. ನಿಮ್ಮಮ್ಮನ ಬಗ್ಗೆ ಹೇಳ್ತಿಲ್ಲ.

ನಾನು ಈ ಹೆಸರು ಮೊದಲು ನೋಡಿದ್ದು ಐಟಿಐ ಓದುವಾಗ. ರೂಮ್‌ಮೇಟ್ ಹತ್ರ ಯಾರೋ ರೆಕಾರ್ಡ್ ಮಾಡಿಕೊಟ್ಟ ಕ್ಯಾಸೆಟ್ಟು, ಮೇಲೆ ಬಾಲ್ ಪೆನ್ನಲ್ಲಿ ಎಸಿ ಡಿಸಿ ಅಂತ ಬರೆದಿತ್ತು, ನಾನು ಎಲೆಕ್ಟ್ರಿಕಲ್ ಪಾಠ ಇರಬೇಕು ಅಂತ ಹಾಕಿದೆ. ಶುರುವಾಗಿದ್ದು ದೇವಸ್ಥಾನದ್ದಲ್ಲ, ಚರ್ಚಿನದ್ದೂ ಅಲ್ಲ, ಒಂದು ಭಾರೀ ಗಂಟೆ. ಆ ಗಂಟೆ ಸುಮಾರು 900 ಕೆಜಿ, ಇಂಗ್ಲೆಂಡಿನ ಲಫ್‌ಬರೋದಲ್ಲಿ ಈ ಹಾಡಿಗೆ ಅಂತಲೇ ಎರಕ ಹೊಯ್ಸಿದ್ದು ಅನ್ನೋದು ಆಮೇಲೆ ಗೊತ್ತಾಯ್ತು. ಬ್ಯಾಕ್ ಇನ್ ಬ್ಲ್ಯಾಕ್ ಆಲ್ಬಮ್ ಅದು. 1980ರ ಫೆಬ್ರವರಿಯಲ್ಲಿ ಅವರ ಹಾಡುಗಾರ ಬಾನ್ ಸ್ಕಾಟ್ ಕುಡಿದು ಕಾರಲ್ಲಿ ಮಲಗಿದೋನು ಏಳಲೇ ಇಲ್ಲ, 33 ವಯಸ್ಸು. ಐದು ತಿಂಗಳಿಗೆ, ಜುಲೈಯಲ್ಲಿ, ನ್ಯೂಕ್ಯಾಸಲ್ ಕಡೆಯ ಬ್ರಯಾನ್ ಜಾನ್ಸನ್ನ ಕರ್ಕೊಂಡು ಬಂದು ಆ ಆಲ್ಬಮ್ ಬಿಟ್ರು. ಅಮೆರಿಕ ಒಂದರಲ್ಲೇ ಎರಡೂವರೆ ಕೋಟಿ ಕಾಪಿ ಮೇಲೆ ಲೆಕ್ಕ ಆಗಿದೆ ಅದರದು. ಆ ಬ್ರಯಾನು ಆಗ ಏನ್ ಮಾಡ್ಕೊಂಡಿದ್ದ ಅಂತ ಕೇಳು, ಕಾರುಗಳ ಟಾಪಿಗೆ ವಿನೈಲ್ ಹೊದಿಸೋ ಸಣ್ಣ ವರ್ಕ್‌ಶಾಪ್ ಇಟ್ಕೊಂಡಿದ್ದ. ನಮ್ಮ ಬೀದಿಯ ಸೀಟ್ ಕವರ್ ಅಂಗಡಿಯವನಿದ್ದಾನಲ್ಲ, ಅವನನ್ನ ನೋಡಿದಾಗೆಲ್ಲಾ ನನಗೆ ಇದು ನೆನಪಾಗುತ್ತೆ.

ಆದ್ರೆ ನಾನು ಹೇಳೋಕೆ ಕೂತಿದ್ದು ಹಾಡೋನ ಬಗ್ಗೆನೂ ಅಲ್ಲ, ಚಡ್ಡಿ ಹಾಕ್ಕೊಂಡು ಸ್ಟೇಜ್ ತುಂಬಾ ಕುಣಿಯೋ ಆಂಗಸ್ ಬಗ್ಗೆನೂ ಅಲ್ಲ. ಅವನ ಅಣ್ಣ ಮಾಲ್ಕಮ್ ಬಗ್ಗೆ.

ನೀನು ಹಳೇ ವಿಡಿಯೋ ಯಾವುದನ್ನಾದ್ರೂ ನೋಡು. ಹಿಂದೆ, ಡ್ರಮ್ ಪಕ್ಕ, ಆಂಪ್‌ಗೆ, ಅದೇ ಗಿಟಾರ್ ಸದ್ದು ಜೋರು ಮಾಡೋ ಡಬ್ಬಕ್ಕೆ, ಬೆನ್ನು ಕೊಟ್ಕೊಂಡು ಒಬ್ಬ ಕುಳ್ಳ ನಿಂತಿರ್ತಾನೆ. ಕೋರಸ್ ಬಂದಾಗ ಮೈಕ್ ಹತ್ರ ನಡ್ಕೊಂಡು ಬಂದು ಎರಡು ಸಾಲು ಕೂಗಿ ವಾಪಸ್ ಅದೇ ಜಾಗಕ್ಕೆ ಹೋಗಿ ನಿಂತ್ಕೋತಾನೆ, ಮುಗೀತು. ಅವನೇ ಕಣೋ ಆ ಬ್ಯಾಂಡ್ ಕಟ್ಟಿದ್ದು, 1973ರಲ್ಲಿ. ಯಾರು ಇರಬೇಕು ಯಾರು ಹೋಗಬೇಕು ಅಂತ ನೋಡ್ತಿದ್ದೋನೂ ಅವನೇ. ಸೋಲೋನ ತಮ್ಮನಿಗೆ ಬಿಟ್ಟುಕೊಟ್ಟ, ಬಾರ್ಸೋಕೆ ಬರ್ತಿರಲಿಲ್ಲ ಅಂತಲ್ಲ, ಹಾಡಿಗೆ ಅದೇ ಸರಿ ಅಂತ. ನಮ್ಮ ಕಡೆ ಕಚೇರಿಯಲ್ಲಿ ತಂಬೂರಿ ಹಿಡಿಯೋಕೆ ಯಾರೋ ಶಿಷ್ಯನ್ನ ಕೂರಿಸ್ತೀವಿ, ಅಲ್ಲಿ ಯಜಮಾನನೇ ತಂಬೂರಿ ಹಿಡ್ಕೊಂಡು ಕೂತಂಗೆ ಅದು. ಹೋಲಿಕೆ ಪೂರಾ ಸರಿಯಿಲ್ಲ, ತಂಬೂರಿಗೆ ತಾಳ ಇಲ್ಲ ಅಂತೀಯ, ಗೊತ್ತು ಬಿಡು.

ಅವನ ಗಿಟಾರ್ 1963ರ ಗ್ರೆಚ್ ಕಂಪನಿದು, ಹ್ಯಾರಿ ವಾಂಡ ಕೊಟ್ಟಿದ್ದು. ಆ ಹ್ಯಾರಿ ಯಾರು ಅಂದ್ರೆ ಇವರ ಅಣ್ಣ ಜಾರ್ಜ್ ಜೊತೆ ಈಸಿಬೀಟ್ಸ್ ಅನ್ನೋ ಬ್ಯಾಂಡಲ್ಲಿದ್ದೋನು, ಆಮೇಲೆ ಇವರಿಬ್ಬರೇ ಸೇರಿ ತಮ್ಮಂದಿರ ಮೊದಮೊದಲ ರೆಕಾರ್ಡುಗಳನ್ನ ಮಾಡಿಸಿದ್ದು. ಮಾಲ್ಕಮ್ ಆ ಗಿಟಾರಿನಲ್ಲಿ ಬ್ರಿಡ್ಜ್ ಹತ್ರದ ಒಂದೇ ಒಂದು ಪಿಕಪ್, ಅದೇ ತಂತಿ ಸದ್ದು ಹಿಡಿಯೋ ಕಾಯಿಲ್, ಉಳಿಸ್ಕೊಂಡು ಮಿಕ್ಕಿದ್ದು ಕಿತ್ತು ಬಿಸಾಕಿದ್ದ, ಆ ತೂತು ಹಂಗೇ ಕಾಣ್ಸುತ್ತೆ ನೋಡು. ದಪ್ಪ ತಂತಿ, ಗಟ್ಟಿ ಹೊಡೆತ, ಸದ್ದನ್ನ ಗೊರಗೊರ ಅನ್ಸೋ ಗೇನ್ ಕಮ್ಮಿ, ವಾಲ್ಯೂಮ್ ಜಾಸ್ತಿ. ನೀನೇನು ಮಾಡ್ತೀಯ, ಗೇನ್ ನಾಬ್‌ನ 9ಕ್ಕೆ ತಿರುಗಿಸಿ, ಅದರ ಮೇಲೆ ಇನ್ನೊಂದು ಪೆಡಲ್ ಹಾಕಿ, ಜೇನುಹುಳ ಎದ್ದಂಗೆ ಗುಯ್ ಅನ್ಸಿಬಿಟ್ಟು ಆಮೇಲೆ ನನ್ನ ರಿದಮ್ ಯಾರಿಗೂ ಕೇಳ್ಸಲ್ಲ ಅಂತೀಯ. ಕೇಳ್ಸೋದು ಹೆಂಗೆ? ಗೇನ್‌ನ 4ಕ್ಕೆ ಇಳಿಸು. ಇ ಕಾರ್ಡ್ ಬಾರ್ಸಿ ಅಂಗೈಯಿಂದ ತಂತಿ ಮುಚ್ಚು, ತಡಿ, ಡಿ ಬಾರ್ಸು, ಮತ್ತೆ ತಡಿ, ಆಮೇಲೆ ಎ. ಬ್ಯಾಕ್ ಇನ್ ಬ್ಲ್ಯಾಕ್ ರಿಫ್, ಅದೇ ಹಾಡಲ್ಲಿ ಮತ್ತೆ ಮತ್ತೆ ಬರೋ ಗಿಟಾರ್ ತುಣುಕು, ಇಷ್ಟೇ, ಮೂರು ಕಾರ್ಡು. ಮಧ್ಯದಲ್ಲಿ ಕೈ ಸುಮ್ಮನಿರುತ್ತಲ್ಲ, ಆ ಸುಮ್ಮನಿರೋ ಹೊತ್ತನ್ನ ಎಷ್ಟು ಸರಿಯಾಗಿ ಹಿಡೀತೀಯ ಅನ್ನೋದರಲ್ಲಿ ಎಲ್ಲಾ ಇದೆ. ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡು ಕೇಳಿ ನೋಡು, ನಾಚಿಕೆ ಆಗುತ್ತೆ. ನನಗೂ ಆಗಿತ್ತು.

ನನಗೂ ಆಗಿತ್ತು ಅಂದ್ನಲ್ಲ, ಇದು ನಿನಗೆ ಗೊತ್ತಿಲ್ಲ, ನಿಮ್ಮಮ್ಮನಿಗೆ ಅರ್ಧ ಗೊತ್ತು. ನಾನೂ ಒಂದು ಆರ್ಕೆಸ್ಟ್ರಾದಲ್ಲಿ ಮೂರು ವರ್ಷ ರಿದಮ್ ಗಿಟಾರ್ ಬಾರ್ಸಿದೀನಿ, ಗಣಪತಿ ಪೆಂಡಾಲ್, ಅಣ್ಣಮ್ಮ, ರಾಜ್ಯೋತ್ಸವ ಎಲ್ಲಾ ಕಡೆ. 1989ರಲ್ಲಿ ಒಂದು ಪೆಂಡಾಲಲ್ಲಿ ಲೀಡ್ ಬಾರ್ಸೋನಿಗೆ ಹಾರ ಹಾಕಿ ನೂರು ರೂಪಾಯಿ ನೋಟು ಜೇಬಿಗೆ ಸಿಗಿಸಿದ್ರು, ನನಗೆ ಒಂದು ಬಾಳೆಹಣ್ಣೂ ಇಲ್ಲ. ಮುಂದಿನ ಹಾಡಿನ ಮಧ್ಯದಲ್ಲೇ ಜಾಕ್ ಕಿತ್ತು ಗಿಟಾರ್ ಹೆಗಲಿಗೆ ಹಾಕ್ಕೊಂಡು ಹಿಂದಿನ ಏಣಿಯಿಂದ ಇಳಿದುಬಿಟ್ಟೆ. ಈಗ ಹಾಡು ಬಿದ್ದೋಗುತ್ತೆ, ಎಲ್ಲರೂ ನನ್ನ ಹುಡುಕ್ಕೊಂಡು ಬರ್ತಾರೆ ಅಂದ್ಕೊಂಡು ಜನರೇಟರ್ ಹತ್ರ ಕತ್ತಲಲ್ಲಿ ನಿಂತಿದ್ದೆ. ಹಾಡು ಬೀಳಲಿಲ್ಲ. ಯಾರೂ ಬರಲೂ ಇಲ್ಲ. ಕೀಬೋರ್ಡಿನವನು ಎಡಗೈಯಲ್ಲಿ ನನ್ನ ಕಾರ್ಡ್ ಹಿಡ್ಕೊಂಡು ಸಾಗಿಸಿಬಿಟ್ಟ, ಜನ ಶಿಳ್ಳೆ ಹೊಡೀತಾನೇ ಇದ್ರು. ಆ ಜನರೇಟರ್ ಸದ್ದು ನನಗೆ ಇವತ್ತಿಗೂ ಕಿವೀಲಿದೆ. ಬಸ್ಸಿಲ್ಲದೆ ನಡ್ಕೊಂಡೇ ಮನೆಗೆ ಬಂದೆ, ಮುಂದಿನ ತಿಂಗಳು ಗಿಟಾರ್ ಮಾರಿ ಕಾಯಿಲ್ ಸುತ್ತೋ ಮಿಷಿನ್ ತಗೊಂಡೆ. ಅಂಗಡಿ ಅನ್ನ ಹಾಕಿದೆ, ಸುಳ್ಳು ಹೇಳಲ್ಲ. ಆದ್ರೆ ಆ ಗಿಟಾರ್ ಯಾರ ಹತ್ರ ಇದೆಯೋ ಅಂತ ಈಗಲೂ ಅನ್ಸುತ್ತೆ.

ಈಗ ಅವರ ಪವರ್ ಅಪ್ ಅನ್ನೋ ಆಲ್ಬಮ್ ವಿಷಯಕ್ಕೆ ಬರ್ತೀನಿ, ನಿನಗೆ ಕೇಳು ಕೇಳು ಅಂತ ಎರಡು ಸಲ ಕಳಿಸಿದೀನಿ, ನೀನು ತಾತಂದಿರ ಮ್ಯೂಸಿಕ್ಕು ಅಂತ ನಗೋ ಮುಖ ಹಾಕಿದ್ದೆ.

ಆ ತಾತಂದಿರ ಕಥೆ ಕೇಳು. 2008ರಿಂದ 2010ರ ತನಕ ದೊಡ್ಡ ಟೂರ್ ಮಾಡಿದ್ರು, ಅಷ್ಟೊತ್ತಿಗಾಗಲೇ ಮಾಲ್ಕಮ್‌ಗೆ ಮರೆವು ಶುರುವಾಗಿತ್ತು. ತಾನೇ ಕಟ್ಟಿದ ರಿಫ್‌ಗಳನ್ನ ಶೋಗೆ ಮುಂಚೆ ಕೂತು ಮತ್ತೆ ಕಲ್ತು, ಹೋಗಿ ಬಾರ್ಸ್ತಿದ್ದ. ಇದನ್ನ ಓದಿದ ದಿನ ನಾನು ಅಂಗಡಿಯಲ್ಲಿ ಕೆಲಸ ಮಾಡಲಿಲ್ಲ ಕಣೋ, ಸುಮ್ನೆ ಕೂತಿದ್ದೆ. ನಮ್ಮಪ್ಪ, ನಿಮ್ಮ ತಾತ, ಕೊನೆಗಾಲದಲ್ಲಿ ತನ್ನ ಹೆಸರಿನ ಸೈನ್ ಮಾಡೋಕೆ ಹಳೇ ಪಾಸ್‌ಬುಕ್ ತೆಗೆದು ನೋಡ್ಕೊಂಡು ಪ್ರಾಕ್ಟೀಸ್ ಮಾಡೋರು, ನೆನಪಿದೆಯಾ ನಿನಗೆ? ನೀನಾಗ ಚಿಕ್ಕೋನು.

2014ರಲ್ಲಿ ಮಾಲ್ಕಮ್ ಇನ್ನು ಬರಲ್ಲ ಅಂತ ಹೇಳಿದ್ರು. ಅದೇ ವರ್ಷ ಡ್ರಮ್ಮರ್ ಫಿಲ್ ರಡ್ ನ್ಯೂಜಿಲೆಂಡಲ್ಲಿ ಕೇಸಲ್ಲಿ ಸಿಕ್ಕಾಕ್ಕೊಂಡ, ಕೋರ್ಟು 8 ತಿಂಗಳು ಮನೆಬಂಧನ ಹಾಕ್ತು. 2016ರಲ್ಲಿ ಬ್ರಯಾನ್‌ಗೆ ಡಾಕ್ಟ್ರು, ಹಿಂಗೇ ಹಾಡ್ತಾ ಹೋದ್ರೆ ಕಿವಿ ಪೂರ್ತಿ ಹೋಗಬಹುದು ಅಂದ್ರು, ಟೂರ್ ಅರ್ಧಕ್ಕೆ ನಿಂತು ಗನ್ಸ್ ಎನ್ ರೋಸಸ್ ಬ್ಯಾಂಡಿನ ಹಾಡುಗಾರ ಆಕ್ಸಲ್ ರೋಸ್ ಬಂದು ಮುಗಿಸಿಕೊಟ್ಟ, ಅದೂ ಮೊದಮೊದಲ ಶೋಗಳಲ್ಲಿ ಕಾಲು ಮುರ್ಕೊಂಡು ಕುರ್ಚಿ ಮೇಲೆ ಕೂತ್ಕೊಂಡು. ಟೂರ್ ಮುಗಿದ ಮೇಲೆ ಬೇಸ್ ಬಾರ್ಸೋ ಕ್ಲಿಫ್ ವಿಲಿಯಮ್ಸ್ ಸಾಕಪ್ಪ ಅಂದ. 2017ರ ಅಕ್ಟೋಬರಲ್ಲಿ ಅಣ್ಣ ಜಾರ್ಜ್ ಹೋದ, ತಿಂಗಳು ತುಂಬೋದ್ರೊಳಗೆ ನವೆಂಬರ್ 18ಕ್ಕೆ ಮಾಲ್ಕಮ್ಮೂ ಹೋದ, 64 ವಯಸ್ಸಿಗೆ. ಇನ್ನೇನು ಉಳೀತು ಹೇಳು, ಅಂಗಡಿ ಮುಚ್ಚಿದಂಗೇ ಲೆಕ್ಕ.

ಆದ್ರೆ ಅದೇ ಜನ, ಬ್ರಯಾನು, ಫಿಲ್ಲು, ಕ್ಲಿಫ್ಫು, 2018ರಲ್ಲಿ ಕೆನಡಾದ ವ್ಯಾಂಕೂವರಲ್ಲಿ ಸ್ಟುಡಿಯೋದಲ್ಲಿ ಕೂತ್ರು. ಆಂಗಸ್ ಹತ್ರ ಅಣ್ಣನ ಜೊತೆ ಕೂತು ವರ್ಷಗಟ್ಟಲೆ ಸೇರ್ಸಿಟ್ಟ ತುಣುಕುಗಳಿದ್ವು, ಎಲ್ಲೂ ಬಳಸದೆ ಉಳಿದ ರಿಫ್ಫುಗಳು, ಅದನ್ನೆಲ್ಲಾ ಕೆದಕಿ ತೆಗೆದ. ಪವರ್ ಅಪ್ ಆಗಿದ್ದು ಹಂಗೆ, 12 ಹಾಡು, ಹನ್ನೆರಡಕ್ಕೂ ಆಂಗಸ್ ಮತ್ತು ಮಾಲ್ಕಮ್ ಅಂತಲೇ ಹೆಸರು. ಕೊರೋನಾ ಬಂದು ತಡವಾಗಿ 2020ರ ನವೆಂಬರ್ 13ಕ್ಕೆ ಬಿಟ್ರು, ಮಾಲ್ಕಮ್ ಹೋಗಿ ಮೂರು ವರ್ಷಕ್ಕೆ ಐದೇ ದಿನ ಕಮ್ಮಿ. ಆಸ್ಟ್ರೇಲಿಯಾ, ಇಂಗ್ಲೆಂಡ್, ಅಮೆರಿಕ ಮೂರೂ ಕಡೆ ಒಂದನೇ ನಂಬರ್. ಅವತ್ತು ಅಂಗಡಿಗೆ ಗಿರಾಕಿ ಇಲ್ಲ, ಮಾಸ್ಕ್ ಕುತ್ತಿಗೆಗೆ ಇಳಿಸ್ಕೊಂಡು ಇಯರ್‌ಫೋನ್ ಹಾಕ್ಕೊಂಡು ಪೂರಾ 41 ನಿಮಿಷ ಕೇಳಿದೆ.

ಎಲ್ಲಾ ಚೆನ್ನಾಗಿದೆ ಅನ್ನಲ್ಲ. ನನ್ನ ಕೇಳಿದ್ರೆ ಹನ್ನೆರಡರಲ್ಲಿ ನಾಲ್ಕು ತೆಗೆದಾಕಬಹುದು, ಕೊನೆ ಕಡೆ ಹೋಗ್ತಾ ಒಂದಕ್ಕೊಂದು ಅಂಟ್ಕೊಂಡಂಗೆ ಆಗುತ್ತೆ, ಬ್ರಯಾನ್ ಗಂಟಲು ಪಾತ್ರೆ ತಳ ಕೆರೆದಂಗಿದೆ, ಅದು ಯಾವಾಗ್ಲೂ ಹಂಗೇ ಇತ್ತು ಬಿಡು. ಹಾಡು ಎಲ್ಲಾ ಒಂದೇ ಥರ ಅಂತೀಯಲ್ಲ, ಅದನ್ನ ಅವರಿಗೆ 40 ವರ್ಷದಿಂದ ಹೇಳ್ತಾನೇ ಇದ್ದಾರೆ, ಆಂಗಸ್‌ನೇ ಅದರ ಬಗ್ಗೆ ತಮಾಷೆ ಮಾಡ್ತಾನೆ. ಪಕ್ಕದ ಹೋಟ್ಲವನ ಇಡ್ಲಿನೂ ದಿನಾ ಒಂದೇ ಥರ ಇರುತ್ತೆ, ಒಂದು ದಿನ ಬೇರೆ ಥರ ಇದ್ರೆ ನಾವೇ ಜಗಳಕ್ಕೆ ಹೋಗ್ತೀವಿ. ಮಧ್ಯದಲ್ಲಿ ಹಳೇ ದಿನ ನೆನೆಸ್ಕೊಳ್ಳೋ ಹಾಡು ಒಂದು ಬರುತ್ತೆ, ಅದನ್ನ ಕಣ್ಮುಚ್ಕೊಂಡು ಕೇಳು, ಹಾಡೋನ್ನ ಬಿಟ್ಟು ಹಿಂದೆ ಬಾರ್ಸ್ತಿರೋ ಕೈನ ಕೇಳು.

ಆ ಕೈ ಮಾಲ್ಕಮ್‌ದಲ್ಲ. ಸ್ಟೀವಿ ಯಂಗ್ ಅಂತ, ಅವರ ಇನ್ನೊಬ್ಬ ಅಣ್ಣನ ಮಗ. ಚಿಕ್ಕಪ್ಪ ಆಂಗಸ್‌ಗಿಂತ ಎರಡು ವರ್ಷನೂ ಚಿಕ್ಕೋನಲ್ಲ, ನಮ್ಮ ಕಡೆ ದೊಡ್ಡ ಮನೆಗಳಲ್ಲಿ ಇರ್ತಾರಲ್ಲ ಹಂಗೆ, ಒಟ್ಟಿಗೆ ಗೋಲಿ ಆಡಿ ಬೆಳೆದೋರು. 1988ರಲ್ಲಿ ಮಾಲ್ಕಮ್ ಕುಡಿತ ಬಿಡೋಕೆ ಅಂತ ಟೂರ್ ಮಧ್ಯೆ ರಜೆ ಹಾಕಿದಾಗಲೂ ಇವನೇ ಬಂದು ನಿಂತಿದ್ದ, ಎಷ್ಟೋ ಜನಕ್ಕೆ ಆಳು ಬದಲಾಗಿದ್ದೇ ಗೊತ್ತಾಗಲಿಲ್ಲವಂತೆ. ಚಿಕ್ಕಪ್ಪ ವಾಸಿಯಾಗಿ ಬಂದ, ಇವನು ಜಾಗ ಬಿಟ್ಟು ತನ್ನ ಪಾಡಿಗೆ ಹೋದ. 26 ವರ್ಷ ಆದಮೇಲೆ ಮತ್ತೆ ಕರೆದ್ರು, ಬಂದ, ಅದೇ ಡ್ರಮ್ ಪಕ್ಕ ನಿಂತ, ಅದೇ ಎರಡು ಸಾಲು ಕೂಗಿ ಹಿಂದಕ್ಕೆ ಹೋದ. 2024ರಲ್ಲಿ ಯೂರೋಪ್ ಟೂರ್ ಹೊರಟಾಗ ಡ್ರಮ್ಮು ಬೇಸು ಎರಡಕ್ಕೂ ಹೊಸಬರು ಬಂದಿದ್ರು, ರಿದಮ್ ಮಾತ್ರ ಇವನದೇ. ಪೆಂಡಾಲ್ ಹಿಂದೆ ಕತ್ತಲಲ್ಲಿ ನಿಂತಿದ್ದ ನನಗೆ ಈ ಸ್ಟೀವಿ ಬಗ್ಗೆ ಯಾರಾದ್ರೂ ಹೇಳಿದ್ರೆ ವಾಪಸ್ ಏಣಿ ಹತ್ತುತ್ತಿದ್ನೋ ಏನೋ, ಗೊತ್ತಿಲ್ಲ. 22 ವಯಸ್ಸಿಗೆ ಕೊಬ್ಬು ಜಾಸ್ತಿ ಇರುತ್ತೆ.

ನೀನು ಆ ಲೀಡ್ ಹುಡುಗನ ಜೊತೆ ಮಾತಾಡು. ಅವನನ್ನ ಬೈಬೇಡ, ಎರಡು ಹಾಡು ನೀವಿಬ್ಬರೇ ಕೂತ್ಕೊಂಡು ಕಟ್ಟಿ, ರಿಫ್ ನಿನ್ನದಿರಲಿ. ಹಾಡಿಗೆ ಹೆಸರು ಹಾಕುವಾಗ ಯಾರ್ಯಾರದು ಅಂತ ಮೊದಲೇ ಬರ್ದಿಟ್ಕೊಳ್ಳಿ, ದೋಸ್ತಿ ಅಂತ ಬಾಯಿಮಾತಲ್ಲಿ ಬಿಡಬೇಡಿ. ಮೊಬೈಲಲ್ಲಿ ನಿನ್ನ ಅರ್ಧಂಬರ್ಧ ರಿಫ್ ಎಲ್ಲಾ ಇದೆಯಲ್ಲ, ಮೆಮೊರಿ ಫುಲ್ ಅಂತ ಒಂದನ್ನೂ ಡಿಲೀಟ್ ಮಾಡಬೇಡ, ನನಗೆ ಕಳಿಸು, ನನ್ನ ಹಳೇ ಹಾರ್ಡ್ ಡಿಸ್ಕ್ ಖಾಲಿ ಬಿದ್ದಿದೆ. ಪ್ರಾಕ್ಟೀಸಿಗೆ ಕಿವಿಗೆ ಪ್ಲಗ್ ಹಾಕ್ಕೋ, ಮೆಡಿಕಲ್ ಸ್ಟೋರಲ್ಲಿ ಸಿಗುತ್ತೆ. ಬ್ರಯಾನ್ ಕಿವಿ ಕೆಡ್ಸಿಕೊಂಡಿದ್ದು ಪ್ಲಗ್ ಹಾಕದೆ ಕಾರ್ ರೇಸ್ ಓಡ್ಸಿದ್ರಿಂದ ಅಂತ ಅವನೇ ಹೇಳಿದಾನೆ, ನನ್ನ ಎಡಗಿವಿ ಗ್ರೈಂಡರ್ ಸದ್ದಿಗೆ ಹೋಯ್ತು, ಮನೆಯಲ್ಲಿ ನಿಮ್ಮತ್ತೆ ಕರೆದಿದ್ದು ಕೇಳ್ಸಲ್ಲ ಅನ್ನೋದೊಂದೇ ಲಾಭ. ಶೋ ಮುಗಿದ ಮೇಲೆ ಕುಡಿಯೋ ವಿಷಯ ನಾನು ಕೇಳಲ್ಲ, ಬಾನ್ ಸ್ಕಾಟ್ ಬಗ್ಗೆ ಮೇಲೆ ಬರೆದಿದೀನಿ, ಇನ್ನೊಂದ್ ಸಲ ಓದ್ಕೋ.

ಇನ್ನೊಂದು ಮಾತು. ಹೋದ ತಿಂಗಳು ನೀನು ಬಿಟ್ಟುಹೋಗಿದ್ದ ಆಂಪ್ ರಿಪೇರಿ ಆಯ್ತು. ಹಮ್ ಬರ್ತಿದ್ದಿದ್ದು ಟ್ರಾನ್ಸ್‌ಫಾರ್ಮರಿಂದಲ್ಲ, ಪ್ಲಗ್ ಒಳಗೆ ಅರ್ತ್ ವೈರ್ ಕಿತ್ಕೊಂಡು ಬಂದಿತ್ತು, ಯಾವನೋ ಅದನ್ನ ಟೇಪ್ ಸುತ್ತಿ ಬಿಟ್ಟಿದ್ದ, ಶಾಕ್ ಹೊಡೀದೇ ಇದ್ದಿದ್ದು ನಿನ್ನ ಪುಣ್ಯ. ಹೊಸ ಮೂರು ಪಿನ್ ಹಾಕಿದೀನಿ. ಬಸ್ಸಲ್ಲಿ ಹಾಕಿ ಕಳಿಸಲ್ಲ, ಭಾನುವಾರ ನೀನೇ ಹಾಸನಕ್ಕೆ ಬಂದು ತಗೊಂಡೋಗು, ಅತ್ತೆ ಅಕ್ಕಿರೊಟ್ಟಿ ಮಾಡ್ತೀನಿ ಅಂದಿದ್ದಾಳೆ. ಬರುವಾಗ ಗಿಟಾರ್ ತಗೊಂಡು ಬಾ, ಅದಿಲ್ಲದೆ ಆಂಪ್ ಟೆಸ್ಟ್ ಮಾಡೋಕೆ ಆಗಲ್ಲ.

ನಿನ್ನ ಮಾವ